ಅಟ್ಟದ ಹಳೇ ಪತ್ರಿಕೆ ಮತ್ತು ಹೊಸ ಚಂದಾ

ಸೋಮವಾರಪೇಟೆಯ ಅಕ್ಕ ಕೇಳಿದ್ದು ಎರಡು: ಅಟ್ಟದಲ್ಲಿರುವ ಹಳೇ ಪತ್ರಿಕೆಗಳಿಗೆ ಬೂಷ್ಟು ಹಿಡಿದಿದೆ, ರದ್ದಿಗೆ ಹಾಕಲಾ? ಅಚ್ಚಿನ ಪತ್ರಿಕೆಗಳೇ ನಿಲ್ಲುತ್ತಿರುವಾಗ ಚಂದಾ ಮುಂದುವರಿಸಲಾ?

ಅಕ್ಕ, ರದ್ದಿಗೆ ಅವಸರ ಬೇಡ, ಹಾಗಂತ ಎಲ್ಲವನ್ನೂ ಇಡಬೇಕಿಲ್ಲ. ಕಸ್ತೂರಿ 1956ರಲ್ಲಿ, ಸುಧಾ 1965ರಲ್ಲಿ, ಮಯೂರ 1968ರಲ್ಲಿ ಶುರುವಾದವು. ಅವುಗಳಲ್ಲಿ ಬಂದ ಹೆಸರಾಂತ ಧಾರಾವಾಹಿಗಳು ಪುಸ್ತಕವಾಗಿ ಸಿಗುತ್ತವೆ; ಓದುಗರ ಪತ್ರ, ವ್ಯಂಗ್ಯಚಿತ್ರ, ಜಾಹೀರಾತು ಸಿಗುವುದಿಲ್ಲ. ಯುಗಾದಿ, ದೀಪಾವಳಿ ವಿಶೇಷಾಂಕ ಇಡಿ. ಊರಿನ ಸಂಘ, ಶಾಲೆಗಳ ಸ್ಮರಣ ಸಂಚಿಕೆಯನ್ನಂತೂ ಬಿಡಲೇಬೇಡಿ, ಅಚ್ಚಾಗಿದ್ದೇ ಕೆಲವು ಪ್ರತಿ.

ಈಗ ಬೂಷ್ಟು. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಮನೆಯೊಳಗೇ ಅದಕ್ಕಿಂತ ಹೆಚ್ಚು. ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಒಣಗಿಸಿ ಕಟ್ಟಿಡುವ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮಾಡಿ. ಕಾಫಿ ಹರಡಿದ ಹಾಗೆ ಕಣದ ಬಿಸಿಲಿಗೆ ಹಾಕಬೇಡಿ, ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬಿಸಿಲಿಗೆ ಹಳದಿಯಾಗುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಬಿಡಿಸಿ ನಿಲ್ಲಿಸಿ. ಚೆನ್ನಾಗಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಹೊರಗಡೆ, ಬಣ್ಣ ಬಳಿಯುವ ಮೆತ್ತನೆ ಬ್ರಷ್‌ನಿಂದ ಮೆಲ್ಲಗೆ ಗುಡಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದೊಳಗೇ ಇಳಿಯುತ್ತದೆ.

ತುಕ್ಕು ಹಿಡಿದ ಪಿನ್ನುಗಳನ್ನು ಬಿಚ್ಚಿ, ಬಿಳಿ ಹತ್ತಿ ದಾರದಿಂದ ಹೊಲಿಯಿರಿ. ಹರಿದ ಕಡೆ ಸೆಲ್ಲೋ ಟೇಪ್ ಬೇಡ, ಅದರ ಅಂಟು ಕಂದು ಕಲೆ ಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬ ಅಥವಾ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ ಟ್ರಂಕ್‌ನಲ್ಲಿ ಮಲಗಿಸಿಡಿ. ಸುಮಾರು ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ. ಕಿತ್ತಳೆ ಬಣ್ಣದ್ದು ತಗೊಳ್ಳಿ: ತೇವ ಹೀರಿ ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಮುಚ್ಚಳ ಸಡಿಲವಿದ್ದರೆ ಎಷ್ಟು ಹಾಕಿದರೂ ದಂಡ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗಲ್ಲ. ಒಲೆ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ತಿಂದ ಕಾಗದ ಮುಟ್ಟಿದರೆ ಮುರಿಯುತ್ತದೆ.

ಚಂದಾ ವಿಷಯ ಚಿಕ್ಕದು. ಮುಖಬೆಲೆಯಿಂದ ಅಚ್ಚಿನ ಖರ್ಚು ಹುಟ್ಟುವುದು ಕಷ್ಟ, ಜಾಹೀರಾತು ಅದನ್ನು ತುಂಬುತ್ತಿತ್ತು. ಆ ಹಣ ಈಗ ಮೊಬೈಲ್ ಕಡೆ ಹೋಗಿದೆ. ಹಾಗಾಗಿ ಮೂರು, ಐದು ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ಒಂದೊಂದೇ ವರ್ಷ ಕಟ್ಟಿ. ವಾರಪತ್ರಿಕೆ ಮೊಬೈಲ್‌ನಲ್ಲಿ ಓದಿ, ಇಟ್ಟುಕೊಳ್ಳುವಂಥ ಮಾಸಿಕ ಒಂದನ್ನು ಕಾಗದದಲ್ಲೇ ತರಿಸಿ. ಆ್ಯಪ್‌ನ ಚಂದಾ ಮುಗಿದರೆ ಹಳೇ ಸಂಚಿಕೆಗೂ ಬೀಗ ಬೀಳಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ.

ಮಳೆಯಲ್ಲಿ ಅಂಚೆಯಲ್ಲಿ ನೆನೆದು ಬಂದ ಸಂಚಿಕೆಯ ನುಣುಪು ಹಾಳೆಗಳನ್ನು ಒದ್ದೆ ಇರುವಾಗಲೇ ಬಿಡಿಸಿ, ನಡುವೆ ಬೆಣ್ಣೆ ಕಾಗದ ಇಡಿ. ಒಣಗಿ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ಆಗಲೇ ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ, ಬಿಡುವಾದಾಗ ತೆಗೆದು ಬಿಡಿಸಬಹುದು.