ಫೆಜ್ ನಗರದ ಓಣಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಉತ್ತರ ಆಫ್ರಿಕಾದ ಮೊರಾಕ್ಕೊ ದೇಶದಲ್ಲಿರುವ ಫೆಜ್ ನಗರದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಕಿರು ಟಿಪ್ಪಣಿ ಪ್ರಕಟವಾಗಿತ್ತು. ಒಂಬತ್ತನೆಯ ಶತಮಾನದ ಆರಂಭದಲ್ಲಿ ರಾಜಧಾನಿಯಾಗಿ ಬೆಳೆದ ಈ ಊರಿನ ಹಳೆಯ ಭಾಗವನ್ನು ಯುನೆಸ್ಕೊ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಟಿಪ್ಪಣಿಯನ್ನು ಓದಿದ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಅಲ್ಲಿನ ದಿನನಿತ್ಯದ ಬದುಕಿನ ಕುರಿತು ಬಹಳ ಪತ್ರಗಳನ್ನು ಬರೆದಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗ ರಸಗೊಬ್ಬರದ ವ್ಯವಹಾರದ ಕೆಲಸದ ಮೇಲೆ ಮೊರಾಕ್ಕೊದಲ್ಲಿದ್ದಾನೆ. ನಾನೂ ನಮ್ಮ ಮನೆಯವರೂ ಅವನನ್ನು ನೋಡಲು ಹೋಗುವವರಿದ್ದೇವೆ. ಫೆಜ್‌ನ ಹಳೆಯ ಊರೊಳಗೆ ವಾಹನಗಳೇ ಬರುವುದಿಲ್ಲ ಎಂದು ಬರೆದಿದ್ದಿರಿ. ಇಬ್ಬರಿಗೂ ಅರವತ್ತು ದಾಟಿದೆ, ಓಡಾಡುವುದು ಹೇಗೆ? ಅಲ್ಲಿಯವರು ಸಾಮಾನುಗಳನ್ನು ಹೇಗೆ ಸಾಗಿಸುತ್ತಾರೆ?
(ನಿವೃತ್ತ ಶಿಕ್ಷಕರು, ಕಲಬುರಗಿ)

ಉತ್ತರ: ಹಳೆಯ ಊರಿನ ಒಳಗೆ ಕಾರು, ಆಟೊ ಯಾವುದೂ ಹೋಗುವುದಿಲ್ಲ. ಗ್ಯಾಸ್ ಸಿಲಿಂಡರ್, ತಂಪು ಪಾನೀಯದ ಪೆಟ್ಟಿಗೆ, ಇಟ್ಟಿಗೆ, ಮರಳು, ಹದ ಮಾಡಿದ ತೊಗಲು ಎಲ್ಲವೂ ಕತ್ತೆ ಮತ್ತು ಹೇಸರಗತ್ತೆಗಳ ಬೆನ್ನ ಮೇಲೆ, ಇಲ್ಲವೇ ಕೈಗಾಡಿಗಳಲ್ಲಿ ಸಾಗುತ್ತವೆ. ಹೇರು ಹೊತ್ತ ಪ್ರಾಣಿಯ ಹಿಂದಿನಿಂದ ಬರುವಾತ "ಬಾಲಕ್, ಬಾಲಕ್" ಎಂದು ಕೂಗುತ್ತಾನೆ. ದಾರಿ ಬಿಡಿ ಎಂದು ಅದರ ಅರ್ಥ. ಆ ಕೂಗು ಕಿವಿಗೆ ಬಿದ್ದ ಕೂಡಲೇ ಹಿಂತಿರುಗಿ ನೋಡುತ್ತ ನಿಲ್ಲದೆ ಗೋಡೆಗೆ ಒತ್ತಿ ನಿಲ್ಲಬೇಕು, ಏಕೆಂದರೆ ಹಲವು ಓಣಿಗಳಲ್ಲಿ ಹೇರಿನ ಅಗಲ ಕಳೆದರೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗ ಉಳಿಯುತ್ತದೆ. ಅಲ್ಲಿ ಹೇರಿನದೇ ಮೊದಲ ಹಕ್ಕು. ಎಷ್ಟೇ ದೊಡ್ಡ ಮನುಷ್ಯನಾದರೂ ದಾರಿ ಬಿಡುತ್ತಾನೆ, ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಈ ಪ್ರಾಣಿಗಳಿಗೆ ಉಚಿತವಾಗಿ ಚಿಕಿತ್ಸೆ ನೀಡುವ 'ಅಮೆರಿಕನ್ ಫೊಂದುಕ್' ಎಂಬ ಪಶು ಆಸ್ಪತ್ರೆ 1920ರ ದಶಕದಿಂದಲೂ ಅದೇ ಊರಿನಲ್ಲಿ ನಡೆದುಬಂದಿದೆ.

ನಿಮ್ಮ ವಯಸ್ಸಿನವರು ಮುಖ್ಯವಾಗಿ ಗಮನಿಸಬೇಕಾದದ್ದು ನೆಲದ ಇಳಿಜಾರು. ಪಶ್ಚಿಮದಲ್ಲಿ 1913ರಲ್ಲಿ ಕಟ್ಟಿದ ಬಾಬ್ ಬೂಜುಲೂದ್ ಎಂಬ ಹೆಬ್ಬಾಗಿಲಿದೆ. ಅದರ ಹೊರಮೈಗೆ ನೀಲಿ, ಒಳಮೈಗೆ ಹಸಿರು ಹೆಂಚಿನ ಅಲಂಕಾರ. ಅದನ್ನು ದಾಟಿದರೆ ತಾಲಾ ಕಬೀರಾ, ತಾಲಾ ಸಗೀರಾ ಎಂಬ ಎರಡು ಮುಖ್ಯ ಬೀದಿಗಳು ಸಿಗುತ್ತವೆ. ಎರಡೂ ಕೆಳಗಿನ ನದಿಯ ಕಡೆಗೆ ಇಳಿಯುತ್ತ ಹೋಗುತ್ತವೆ. ಇಳಿಯುವಾಗ ಹಿತವೆನಿಸುವ ದಾರಿ ಮರಳಿ ಬರುವಾಗ ಮೊಣಕಾಲಿಗೆ ಭಾರವಾಗುತ್ತದೆ. ಆದ್ದರಿಂದ ಬೆಳಿಗ್ಗೆ ಮೇಲಿನ ಹೆಬ್ಬಾಗಿಲಿನಿಂದ ಹೊರಟು ನಿಧಾನವಾಗಿ ಕೆಳಗಿಳಿಯಿರಿ, ಸಂಜೆ ಕೆಳಭಾಗದ ರ್ಸೀಫ್ ಚೌಕದಿಂದ ಕೆಂಪು ಬಣ್ಣದ ಚಿಕ್ಕ ಟ್ಯಾಕ್ಸಿ ಹಿಡಿದು ಹಿಂದಿರುಗಿರಿ. ಹೆಬ್ಬಾಗಿಲ ಬಳಿ ಕೈಗಾಡಿಯವರು ನಿಂತಿರುತ್ತಾರೆ. ಕೂಲಿಯನ್ನು ಮೊದಲೇ ಮಾತಾಡಿಕೊಂಡು ನಿಮ್ಮ ಪೆಟ್ಟಿಗೆಗಳನ್ನು ಅವರಿಗೆ ಒಪ್ಪಿಸಬಹುದು. ಚಳಿಗಾಲದಲ್ಲಿ ಅಲ್ಲಿ ಮಳೆ ಬೀಳುತ್ತದೆ, ಕಲ್ಲುಹಾಸು ಜಾರುತ್ತದೆ. ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗಿನ ಕಾಲ ನಿಮಗೆ ಒಳ್ಳೆಯದು.

ದಾರಿ ತಪ್ಪುವುದು ಖಂಡಿತ. ಹಾಗಾದಾಗ ತಾವಾಗಿಯೇ ಬೆನ್ನು ಹತ್ತುವ ಹುಡುಗರನ್ನು ಕೇಳುವುದಕ್ಕಿಂತ ಅಂಗಡಿಯಲ್ಲಿ ಕುಳಿತವರನ್ನು ಕೇಳಿ, ಅವರು ತಮ್ಮ ಜಾಗ ಬಿಟ್ಟು ಬರುವವರಲ್ಲ. ಪೂರ್ಣ ದಿನ ಸುತ್ತುವುದಿದ್ದರೆ ಸರ್ಕಾರದ ಪರವಾನಗಿಯ ಗುರುತುಪಟ್ಟಿ ಇರುವ ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಅಲ್ಲಿ ಮನೆಯಲ್ಲಿ ಹಿಟ್ಟು ನಾದಿ, ಸುಡುವುದಕ್ಕೆ ಮಾತ್ರ ಹೊರಗೆ ಕಳಿಸುತ್ತಾರಂತೆ. ನಿಜವೆ? ನಾವು ಶರಣರ ಮನೆತನದವರು, ಮಾಂಸ ಮುಟ್ಟುವುದಿಲ್ಲ. ಅಂಥವರಿಗೆ ಅಲ್ಲಿ ಊಟ ಸಿಗುತ್ತದೆಯೆ?
(ಗೃಹಿಣಿ, ಆಳಂದ)

ಉತ್ತರ: ನಿಜ. ಫೆಜ್‌ನ ಹಳೆಯ ಓಣಿಯ ಬದುಕನ್ನು ಅರಿಯಬೇಕಾದರೆ ಅರಮನೆ, ಗೋಪುರಗಳಿಗಿಂತ ಮೊದಲು ಈ ಸಾರ್ವಜನಿಕ ಒಲೆಯನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಪ್ರತಿಯೊಂದು ಮೊಹಲ್ಲಾಕ್ಕೂ ಪರಂಪರೆಯಿಂದ ಐದು ಸಾಮೂಹಿಕ ಅನುಕೂಲಗಳು ಇರುತ್ತವೆ: ಮಸೀದಿ, ಮಕ್ಕಳು ಕುರ್‌ಆನ್ ಕಲಿಯುವ ಶಾಲೆ, ಕುಡಿಯುವ ನೀರಿನ ಚಿಲುಮೆ, ಹಮಾಮು ಎನ್ನುವ ಬಿಸಿನೀರ ಸ್ನಾನಗೃಹ ಮತ್ತು ಫರ್ರಾನ್ ಎಂದು ಕರೆಯುವ ಒಲೆ. ಬೆಳಿಗ್ಗೆ ಹೆಂಗಸರು ಹಿಟ್ಟು ನಾದಿ, ಅಂಗೈಗಿಂತ ಅಗಲವಾಗಿ ದುಂಡಗೆ ತಟ್ಟಿ, ಹಲಗೆಯ ಮೇಲೆ ಸಾಲಾಗಿ ಇಟ್ಟು ಬಟ್ಟೆ ಹೊದಿಸುತ್ತಾರೆ. ಅದು ಉಬ್ಬುವ ಹೊತ್ತಿಗೆ ಮನೆಯ ಮಗುವೊಂದು ಹಲಗೆಯನ್ನು ತಲೆಯ ಮೇಲೋ ಕೈಯಲ್ಲೋ ಹೊತ್ತು ಒಲೆಯ ಬಳಿಗೆ ಒಯ್ಯುತ್ತದೆ. ಒಲೆಯವನು ನೆಲಮಟ್ಟಕ್ಕಿಂತ ತುಸು ಕೆಳಗಿನ ಕತ್ತಲೆಯ ಕೋಣೆಯಲ್ಲಿ ನಿಂತು, ಮಾರುದ್ದದ ಹಿಡಿಕೆಯ ಮರದ ಸಲಿಕೆಯಿಂದ ರೊಟ್ಟಿಗಳನ್ನು ಬೆಂಕಿಯ ಬಾಯೊಳಗೆ ತಳ್ಳಿ, ತಿರುಗಿಸಿ, ಹೊರಗೆ ಎಳೆಯುತ್ತಾನೆ. ಹತ್ತಾರು ಮನೆಗಳ ರೊಟ್ಟಿ ಒಟ್ಟಿಗೆ ಬೇಯುತ್ತಿದ್ದರೂ ಯಾರದು ಯಾವುದು ಎಂಬುದನ್ನು ಆತ ತಟ್ಟಿದ ರೀತಿಯಿಂದಲೋ, ಮೇಲೆ ಒತ್ತಿದ ಗುರುತಿನಿಂದಲೋ ಬಲ್ಲ. ನಮ್ಮ ಓಣಿಯ ಗಿರಣಿಯಲ್ಲಿ ಸಾಲಾಗಿಟ್ಟ ಜೋಳದ ಡಬ್ಬಿಗಳ ನಡುವೆ ಯಾವುದು ಯಾರ ಮನೆಯದೆಂದು ಗಿರಣಿಯವನು ಹೇಳುವಂತೆಯೇ ಇದು. ಈಗ ಮನೆಗಳಲ್ಲಿ ಗ್ಯಾಸ್ ಒಲೆಗಳು ಬಂದಿವೆ, ಅಂಗಡಿಯಲ್ಲಿ ಸಿದ್ಧ ರೊಟ್ಟಿ ಸಿಗುತ್ತದೆ. ಆದರೂ ಕಟ್ಟಿಗೆಯ ಬೆಂಕಿಯಲ್ಲಿ ಬೆಂದ ರೊಟ್ಟಿಗೆ ಬೇರೆಯೇ ರುಚಿಯೆಂದು ಹಲಗೆ ಕಳಿಸುವ ಮನೆಗಳು ಉಳಿದಿವೆ.

ರೊಟ್ಟಿಯ ಮರ್ಯಾದೆ ದೊಡ್ಡದು. ದಾರಿಯಲ್ಲಿ ತುಣುಕು ಬಿದ್ದಿದ್ದರೆ ಹಾದುಹೋಗುವವರು ಅದನ್ನೆತ್ತಿ, ಕೆಲವರು ಮುತ್ತಿಟ್ಟು, ಯಾರ ಕಾಲಿಗೂ ಸಿಗದಂತೆ ಗೋಡೆಯ ಸಂದಿನಲ್ಲಿ ಇಡುತ್ತಾರೆ. ಊಟದ ಹೊತ್ತಿಗೆ ನಡುವೆ ಒಂದೇ ದೊಡ್ಡ ತಟ್ಟೆ ಇರುತ್ತದೆ. ಪ್ರತಿಯೊಬ್ಬರೂ ಬಲಗೈಯಿಂದ, ತಮ್ಮ ಎದುರಿನ ಭಾಗದಿಂದಲೇ, ರೊಟ್ಟಿಯ ತುಂಡಿನಲ್ಲಿ ಪಲ್ಯವನ್ನು ಒತ್ತಿ ತೆಗೆದುಕೊಳ್ಳಬೇಕು. ಇನ್ನೊಬ್ಬರ ಭಾಗಕ್ಕೆ ಕೈ ಚಾಚುವುದು ಸಭ್ಯತೆಯಲ್ಲ.

ತಾವು ಉಪವಾಸ ಬೀಳುವುದಿಲ್ಲ. ಬಿಸಾರಾ ಎಂಬ ಗಟ್ಟಿ ಸಾರು ಫೆಜ್‌ನ ಬೆಳಗಿನ ಪ್ರಿಯ ಆಹಾರ: ಒಣಗಿದ ದಪ್ಪ ಕಾಳನ್ನು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ಜೀರಿಗೆ ಪುಡಿ ಉದುರಿಸುತ್ತಾರೆ. ತೊಗರಿ ಬೇಳೆಯ ನಾಡಿನವರಿಗೆ ಇದು ಬೇಗ ಒಗ್ಗುತ್ತದೆ. ಬದನೆಕಾಯಿ, ಟೊಮ್ಯಾಟೊ ಅರೆದ ಝಾಲೂಕ್ ಮತ್ತು ಪದರು ಪದರಾದ ಮ್ಸೆಮೆನ್ ಕೂಡ ಸಿಗುತ್ತವೆ. ಆದರೆ ಎಚ್ಚರ ಬೇಕಾದದ್ದು ಕುಸ್‌ಕುಸ್ ವಿಷಯದಲ್ಲಿ. ಶುಕ್ರವಾರದ ನಮಾಜಿನ ನಂತರ ಮನೆಮನೆಯಲ್ಲೂ ಉಣ್ಣುವ ಈ ಹಬೆಯ ರವೆಯ ಮೇಲೆ ತರಕಾರಿಯಷ್ಟೇ ಕಂಡರೂ ಅದು ಸಾಮಾನ್ಯವಾಗಿ ಮಾಂಸದ ರಸದಲ್ಲೇ ಬೆಂದಿರುತ್ತದೆ. ಹರೀರಾ ಸಾರಿನಲ್ಲೂ ಮಾಂಸದ ಚೂರುಗಳಿರುವುದು ಸಾಮಾನ್ಯ. ಕೇಳಿಯೇ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಬಿದ್ರಿ ಕೆಲಸದ ಮನೆತನ. ಫೆಜ್‌ನಲ್ಲಿ ಕಸಬುದಾರರು ಬೀದಿಯಲ್ಲೇ ಕುಳಿತು ಕೆಲಸ ಮಾಡುತ್ತಾರೆ ಎಂದು ಕೇಳಿದ್ದೇನೆ. ಅವರ ಪದ್ಧತಿ ಹೇಗಿದೆ?
(ಕುಶಲಕರ್ಮಿ, ಬೀದರ್)

ಉತ್ತರ: ಕಸಬಿಗೊಂದು ಬೀದಿ ಎಂಬ ಹಳೆಯ ಏರ್ಪಾಡು ಅಲ್ಲಿ ಇಂದಿಗೂ ಬಹುಮಟ್ಟಿಗೆ ಉಳಿದಿದೆ. ಮಸಾಲೆಯವರು ಅತ್ತಾರೀನ್‌ನಲ್ಲಿ, ಬಡಿಗರು ನಜ್ಜಾರೀನ್ ಬಳಿ, ತಾಮ್ರ ಹಿತ್ತಾಳೆಯವರು ಸಫ್ಫಾರೀನ್ ಚೌಕದಲ್ಲಿ. ಈ ಸಫ್ಫಾರೀನ್ ಚೌಕ ನಿಮ್ಮಂಥವರು ಅರ್ಧ ದಿನ ಕಳೆಯಬೇಕಾದ ಜಾಗ. ಒಂದು ಮಗ್ಗುಲಿಗೆ 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಸ್ಥಾಪಿಸಿದಳೆಂದು ಪರಂಪರೆ ಹೇಳುವ ಕರವಿಯ್ಯೀನ್ ವಿದ್ಯಾಕೇಂದ್ರದ ಗ್ರಂಥಾಲಯ. ಅದರೆದುರಿಗೇ ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ಕೆಲಸದವನು ನೆಲದ ಮೇಲಿನ ಕಬ್ಬಿಣದ ಮೂತಿಗೆ ತಾಮ್ರದ ತಗಡನ್ನು ತೊಡಿಸಿ, ಒಂದು ಕೈಯಿಂದ ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತ, ಇನ್ನೊಂದು ಕೈಯಿಂದ ಬಡಿಯುತ್ತಾನೆ. ಪಾತ್ರೆಯ ಮೈಮೇಲೆ ಸುತ್ತಿಗೆಯ ಗುರುತುಗಳು ಸುರುಳಿಯಾಗಿ ಏರುತ್ತ ಹೋಗುತ್ತವೆ. ಅಲ್ಲಿ ಮಾಡುವ ಆಳುದ್ದ ಬಾಯಿಯ ಹಂಡೆಗಳನ್ನು ಕೊಳ್ಳುವವರಿಗಿಂತ ಮದುವೆಗಳಿಗೆ ಬಾಡಿಗೆಗೆ ಒಯ್ಯುವವರೇ ಹೆಚ್ಚು.

ಚರ್ಮ ಹದ ಮಾಡುವವರು ನದಿಯ ಪಕ್ಕದ ಶುವಾರಾದಲ್ಲಿ ನೆಲೆ ನಿಂತಿದ್ದಾರೆ, ಅವರ ಕೆಲಸಕ್ಕೆ ನೀರು ಬೇಕೇ ಬೇಕು. ಸುಣ್ಣದ ನೀರು ಮತ್ತು ಪಾರಿವಾಳದ ಹಿಕ್ಕೆಯ ತೊಟ್ಟಿಗಳಲ್ಲಿ ತೊಗಲನ್ನು ನೆನೆಸಿ, ತುಳಿದು ಮೆತ್ತಗೆ ಮಾಡಿ, ಆಮೇಲೆ ಬಣ್ಣದ ತೊಟ್ಟಿಗಳಿಗೆ ಇಳಿಸುತ್ತಾರೆ. ಸುತ್ತಲಿನ ಅಂಗಡಿಗಳ ಮಾಳಿಗೆಯಿಂದ ಅದನ್ನು ನೋಡಬಹುದು. ವಾಸನೆ ತಡೆಯಲು ಕೈಗೆ ಪುದೀನ ಸೊಪ್ಪು ಕೊಡುತ್ತಾರೆ. ಸೊಂಟದ ಮಟ್ಟ ತೊಟ್ಟಿಯಲ್ಲಿಳಿದು ದುಡಿಯುವವರ ಕಷ್ಟವನ್ನು ಬಣ್ಣದ ಚಂದದ ನಡುವೆ ಮರೆಯುವವರು ಬಹಳ, ನೀವು ಮರೆಯಲಾರಿರಿ. ಅವರ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳುವುದು ಅಗತ್ಯ.

ಬೆಲೆಯ ಚೌಕಾಸಿ ಅಲ್ಲಿನ ವ್ಯವಹಾರದ ಭಾಗ. ಹಿರಿಯ ವ್ಯಾಪಾರಿಗಳು ಇನ್ನೂ ರಿಯಾಲಿನಲ್ಲಿ ಲೆಕ್ಕ ಹೇಳುವುದುಂಟು. ಈಗಿನ ನಾಣ್ಯವಾದ ದಿರ್ಹಮ್ ಒಂದಕ್ಕೆ 20 ರಿಯಾಲು. ನೀವು ಹೇಳಿದ ಬೆಲೆಗೆ ಆತ ಒಪ್ಪಿದ ಮೇಲೆ ಕೊಳ್ಳದೆ ಎದ್ದು ಬರುವುದನ್ನು ಮಾತ್ರ ಅಲ್ಲಿ ಯಾರೂ ಸಹಿಸುವುದಿಲ್ಲ.

ಪ್ರಶ್ನೆ: ಚಿತ್ರಗಳಲ್ಲಿ ಅಲ್ಲಿನ ಮನೆಗಳಿಗೆ ಬೀದಿಯ ಕಡೆ ಕಿಟಕಿಯೇ ಕಾಣುವುದಿಲ್ಲ. ಕಾರಣವೇನು?
(ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಮನೆ ಒಳಮುಖವಾಗಿದೆ. ಗಾಳಿ, ಬೆಳಕು, ನೀರು ಎಲ್ಲವೂ ನಡುವಿನ ಅಂಗಳದಿಂದ ಬರುತ್ತವೆ; ಕೋಣೆಗಳ ಬಾಗಿಲುಗಳು ಆ ಅಂಗಳಕ್ಕೇ ತೆರೆಯುತ್ತವೆ. ಹೊರಬಾಗಿಲು ದಾಟಿದ ಮೇಲೆ ದಾರಿ ಒಮ್ಮೆ ತಿರುಗುವುದರಿಂದ ಬಾಗಿಲು ತೆರೆದಿದ್ದರೂ ಬೀದಿಯವರಿಗೆ ಒಳಗಿನದು ಕಾಣದು. ಹೆಂಗಸರ ಏಕಾಂತವನ್ನು ಕಾಯುವ ಉದ್ದೇಶ ಇದರಲ್ಲಿದೆ, ಬೇಸಿಗೆಯ ಬಿಸಿಲಿನಿಂದ ರಕ್ಷಣೆಯೂ ಇದೆ. ಬಡವ ಬಲ್ಲಿದ ಎಂಬ ಭೇದ ಬೀದಿಗೆ ಗೊತ್ತಾಗುವುದಿಲ್ಲ. ಒಂದೇ ಬಗೆಯ ಬೋಳು ಗೋಡೆಯ ಹಿಂದೆ ಕೆತ್ತನೆಯ ದೇವದಾರು ಮರದ ತೊಲೆಗಳೂ ಬಣ್ಣದ ಹೆಂಚಿನ ಚಿತ್ತಾರವೂ ಇರಬಹುದು, ಎರಡೇ ಕೋಣೆಯೂ ಇರಬಹುದು. ಇದಕ್ಕೆ ಎದ್ದು ಕಾಣುವ ಅಪವಾದವೆಂದರೆ 15ನೇ ಶತಮಾನದಲ್ಲಿ ನೆಲೆಯಾದ ಮೆಲ್ಲಾಹ್ ಎಂಬ ಯಹೂದಿ ಮೊಹಲ್ಲಾ. ಅಲ್ಲಿನ ಮನೆಗಳಿಗೆ ಬೀದಿಯ ಮೇಲೆ ಚಾಚಿದ ಮರದ ಸಜ್ಜೆಗಳಿವೆ. ಹಳೆಯ ಊರಿನ, ಮುಂದೆ ದಾರಿಯಿಲ್ಲದ ಕಿರಿದಾದ ಕುರುಡು ಓಣಿಗಳು ಅಲ್ಲಿ ವಾಸಿಸುವವರ ಅಂಗಳದಷ್ಟೇ ಖಾಸಗಿ ಎಂದು ತಿಳಿದು, ಕೆಲಸವಿಲ್ಲದೆ ಒಳಗೆ ಹೋಗದಿರುವುದು ಒಳ್ಳೆಯದು.

ಪ್ರಶ್ನೆ: ಖಾಜಾ ಬಂದೇನವಾಜರ ದರ್ಗಾಕ್ಕೆ ನಾವೆಲ್ಲ ಜಾತಿ ಮತ ನೋಡದೆ ಹೋಗುತ್ತೇವೆ. ಫೆಜ್‌ನ ದರ್ಗಾ, ಮಸೀದಿಗಳಲ್ಲೂ ಹಾಗೆಯೆ?
(ಬಟ್ಟೆ ವ್ಯಾಪಾರಿ, ಕಲಬುರಗಿ)

ಉತ್ತರ: ಇಲ್ಲ. ಮೊರಾಕ್ಕೊದಲ್ಲಿ ಕಾಸಾಬ್ಲಾಂಕಾದ ಹಸನ್ II ಮಸೀದಿಯಂಥ ಕೆಲವನ್ನು ಬಿಟ್ಟರೆ ಪ್ರಾರ್ಥನೆ ನಡೆಯುವ ಮಸೀದಿಗಳೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಫ್ರೆಂಚ್ ಆಳ್ವಿಕೆಯ ಕಾಲದಲ್ಲಿ ಬಿಗಿಯಾದ ಈ ನಿಯಮ 1956ರ ಸ್ವಾತಂತ್ರ್ಯದ ನಂತರವೂ ಮುಂದುವರಿದಿದೆ. ನಗರದ ರಕ್ಷಕನೆಂದು ಜನ ನಂಬುವ ಮೌಲಾ ಇದ್ರೀಸ್ IIನ ಸಮಾಧಿಯ ಸುತ್ತಲಿನ ಓಣಿಗಳಿಗೆ ಅಡ್ಡಲಾಗಿ ಮರದ ತೊಲೆಗಳನ್ನು ಹಾಕಿದ್ದಾರೆ. ಹಿಂದೆ ಹೇರಿನ ಪ್ರಾಣಿಗಳೂ ಅನ್ಯಮತೀಯರೂ ಅದನ್ನು ದಾಟುವಂತಿರಲಿಲ್ಲ. ಈಗ ಎಲ್ಲರೂ ತಲೆ ಬಾಗಿಸಿ ತೊಲೆಯ ಕೆಳಗೆ ಹಾದು ಬಾಗಿಲವರೆಗೆ ಹೋಗಬಹುದು. ಅಕ್ಕಪಕ್ಕದಲ್ಲಿ ಮೇಣದ ಬತ್ತಿ ಮತ್ತು ಮಿಠಾಯಿಯ ಅಂಗಡಿಗಳು, ಹರಕೆ ಹೊತ್ತ ಹೆಂಗಸರು ಕಾಣುತ್ತಾರೆ. ವರ್ಷಕ್ಕೊಮ್ಮೆ ಕಸಬುದಾರರ ಸಂಘಗಳು ಸಮಾಧಿಗೆ ಹೊದಿಕೆಯನ್ನು ಮೆರವಣಿಗೆಯಲ್ಲಿ ತರುತ್ತವೆ. ಉರುಸಿನ ಸಂದಲ್ ಮೆರವಣಿಗೆ ಕಂಡ ನಿಮಗೆ ಆ ಭಕ್ತಿ ಹೊಸದೆನಿಸದು. ಬಾಗಿಲಲ್ಲೇ ನಿಲ್ಲಬೇಕಾದಾಗ ಮನಸ್ಸಿಗೆ ನೋವಾದೀತು, ಆದರೂ ಅವರ ಕಟ್ಟಳೆಯನ್ನು ಗೌರವಿಸುವುದೇ ಸರಿ.

ಹಳೆಯ ಮದರಸಾಗಳಿಗೆ ಎಲ್ಲರೂ ಹೋಗಬಹುದು. ಅವುಗಳಲ್ಲಿ ಬೂ ಇನಾನಿಯಾವನ್ನು 1350ರ ದಶಕದಲ್ಲಿ ಕಟ್ಟಿಸಿದ ಸುಲ್ತಾನ ಅಬು ಇನಾನನೇ ಇಬ್ನ್ ಬತೂತನ ಪ್ರವಾಸಕಥನವನ್ನು ಬರೆಸಿದವನು. ನಮ್ಮ ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಶಾಲೆಗಳಿದ್ದವೆಂಬ ಮಾತು ಆ ಗ್ರಂಥದಲ್ಲಿ ದಾಖಲಾಗಿದೆ.

ಪ್ರಶ್ನೆ: ಅಂಗಡಿಯವರು ಚಹಾ ಕೊಟ್ಟರೆ ಬೇಡವೆನ್ನಬಹುದೆ? ರಂಜಾನಿನಲ್ಲಿ ಅಲ್ಲಿಗೆ ಹೋಗುವುದು ಸರಿಯೆ?
(ಬ್ಯಾಂಕ್ ಉದ್ಯೋಗಿ, ಹುಮನಾಬಾದ್)

ಉತ್ತರ: ಚಹಾ ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ, ಆದರೆ ಒಂದು ಲೋಟವನ್ನಾದರೂ ತೆಗೆದುಕೊಳ್ಳುವುದು ಸೌಜನ್ಯ. ಚೀನಾದ ಹಸಿರು ಚಹಾ, ತಾಜಾ ಪುದೀನ, ಬಹಳಷ್ಟು ಸಕ್ಕರೆ, ಹಾಲಿಲ್ಲ. ನೊರೆ ಬರುವಂತೆ ಎತ್ತರದಿಂದ ಸುರಿಯುತ್ತಾರೆ. ಇಷ್ಟೊಂದು ಹಳೆಯದೆನಿಸುವ ಈ ರೂಢಿ ಜನಸಾಮಾನ್ಯರಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಕೈ ಕುಲುಕಿದ ಮೇಲೆ ಬಲಗೈಯನ್ನು ಎದೆಗೆ ಮುಟ್ಟಿಸುವುದು, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿದ ನಂತರವೇ ವ್ಯವಹಾರಕ್ಕೆ ಬರುವುದು ಅಲ್ಲಿನ ಕ್ರಮ, ಅವಸರ ಮಾಡಬೇಡಿ.

ರಂಜಾನಿನಲ್ಲಿ ಹೋಗಬಹುದು, ಆದರೆ ಹಗಲಿನಲ್ಲಿ ಬೀದಿಯಲ್ಲಿ ನೀರನ್ನೂ ಕುಡಿಯಬಾರದು. ಹಳೆಯ ಊರಿನ ಬಹುತೇಕ ಖಾನಾವಳಿಗಳು ಮುಚ್ಚಿರುತ್ತವೆ. ಸಹರಿಗೆ, ಅಂದರೆ ಉಪವಾಸಕ್ಕೆ ಮೊದಲಿನ ನಸುಕಿನ ಊಟಕ್ಕೆ, ಜನರನ್ನು ಎಬ್ಬಿಸಲು ಉದ್ದನೆಯ ಕಹಳೆ ಊದುವ ನಫ್ಫಾರ್ ಎಂಬವನ ಪದ್ಧತಿ ಫೆಜ್‌ನಲ್ಲಿ ಹಳೆಯದು. ಸೂರ್ಯಾಸ್ತಕ್ಕೆ ಖರ್ಜೂರ, ಹಾಲು, ಹರೀರಾ ಸಾರು ಮತ್ತು ಜೇನಿನಲ್ಲಿ ಅದ್ದಿದ ಶಬ್ಬಾಕಿಯಾದೊಂದಿಗೆ ರೋಜಾ ಬಿಡುತ್ತಾರೆ. ಆ ಹೊತ್ತಿಗೆ ಬೀದಿಗಳು ಬರಿದಾಗಿ ಟ್ಯಾಕ್ಸಿ ಸಿಗುವುದು ಕಷ್ಟ, ಆದ್ದರಿಂದ ಅದಕ್ಕೆ ಒಂದು ಗಂಟೆ ಮೊದಲೇ ವಸತಿಗೆ ತಲುಪಿರಿ. ಎರಡು ತಾಸಿನ ನಂತರ ಅಂಗಡಿಗಳು ಮತ್ತೆ ತೆರೆದು ಮಧ್ಯರಾತ್ರಿ ದಾಟುವವರೆಗೂ ಜನ ತುಂಬಿರುತ್ತಾರೆ. ಖರೀದಿಯನ್ನು ಆಗ ಇಟ್ಟುಕೊಳ್ಳಬಹುದು.