ಕಣ್ಣು ದೂರ ಇದ್ದರೂ ಅದು ಡ್ಯಾಮ್ಸೆಲ್‌ಫ್ಲೈ ಅಲ್ಲ
ಆನೆಗೊಂದಿಯ ಹೊಳೆ ದಂಡೆಯಲ್ಲಿ ಕಂಡು, ಫೋಟೋ ಹಾಕಿ ಯಾವುದೆಂದು ನೀವು ಕೇಳಿದ ಕಪ್ಪು-ಹಳದಿ ಏರೋಪ್ಲೇನ್ ಚಿಟ್ಟೆ ಬಹುಶಃ ಗಾಂಫಿಡೆ ಕುಟುಂಬದ ಡ್ರ್ಯಾಗನ್‌ಫ್ಲೈ. ಕಣ್ಣುಗಳು ದೂರ ಇದ್ದದ್ದಕ್ಕೆ ಡ್ಯಾಮ್ಸೆಲ್‌ಫ್ಲೈ (ಡ್ರ್ಯಾಗನ್‌ಫ್ಲೈಗೆ ಹತ್ತಿರದ, ತೆಳ್ಳಗಿನ ಕೀಟ) ಅಂದುಕೊಂಡಿದ್ದೀರಿ, ಅಲ್ವಾ? ಈ ಕುಟುಂಬದಲ್ಲೂ ಕಣ್ಣುಗಳು ಒಂದಕ್ಕೊಂದು ತಾಗುವುದಿಲ್ಲ.

ಮೊದಲು ಕೂತಾಗಿನ ರೆಕ್ಕೆ ನೋಡಿ. ಚಾಚಿಕೊಂಡಿದ್ದರೆ ಸಾಲದು, ಕೆಲವು ಡ್ಯಾಮ್ಸೆಲ್‌ಫ್ಲೈಗಳೂ ಹಾಗೇ ಕೂರುತ್ತವೆ. ಹಿಂದಿನ ರೆಕ್ಕೆ ಬುಡದಲ್ಲಿ ಅಗಲವಾಗಿರಬೇಕು. ಆಮೇಲೆ ಬಾಲದ ತುದಿ ಗದೆಯಂತೆ ಉಬ್ಬಿದೆಯೇ ನೋಡಿ. ಹೆಣ್ಣಿನಲ್ಲಿ ಉಬ್ಬು ಕಡಿಮೆ. ಮರಿಗಳು ನೀರಿನಡಿ ಮರಳು, ಕೆಸರಿನಲ್ಲಿ ಹೂತುಕೊಂಡು ಬೆಳೆಯುತ್ತವೆ, ಕೊನೆಗೆ ದಂಡೆಗೆ ಹತ್ತಿ ಪೊರೆ ಕಳಚುತ್ತವೆ, ಹಾಗಾಗಿ ಅಲ್ಲಿನ ಬಂಡೆಗಳ ಮೇಲೆ ಒಣಗಿದ ಪೊರೆಯೂ ಸಿಗಬಹುದು.

ಒಂದೇ ಫೋಟೋದಿಂದ ಜಾತಿ ಹೇಳುವುದು ಕಷ್ಟ. ಹೊಟ್ಟೆಯ (ಬಾಲದಂತೆ ಕಾಣುವ ಉದ್ದ ಭಾಗದ) 8ನೇ ಖಂಡದ ಪಕ್ಕದಲ್ಲಿ ಎಲೆಯಂಥ ಅಂಚು ಇದ್ದರೆ ಇದೇ ಕುಟುಂಬದ ಇಕ್ಟಿನೊಗಾಂಫಸ್ ರಾಪಾಕ್ಸ್ ಜಾತಿ ಇರಬಹುದು, ಅದು ಕೆರೆಗಳ ಹತ್ತಿರವೂ ಕಾಣುತ್ತದೆ. ಬಾಲದ ತುದಿಯನ್ನು ಪಕ್ಕದಿಂದ ತೆಗೆದ ಫೋಟೋ ಹಾಕಿ.