ಬರ್ತೀನಿ, ಬರ್ತೀವಿ

ಮದುವೆಯಾಗಿ ಐದು ತಿಂಗಳಾಗಿದ್ದ ಜೋಡಿ. ಇಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರೇ ಇರುವ ಬಾಡಿಗೆ ಮನೆ. ಹಬ್ಬದ ರಜೆಗೆ ಇನ್ನು ಮೂರು ವಾರ ಇರುವಾಗ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದರು. (ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಸೋಫಾದ ಎರಡು ತುದಿಯಲ್ಲಿ ಕೂತರು. ನಡುವೆ ಆಕೆಯ ಬ್ಯಾಗು.

"ಏನಿಲ್ಲ ಮೇಡಂ, ರಜೆಗೆ ಎಲ್ಲಿಗೆ ಹೋಗೋದು ಅಂತ ಸಣ್ಣ ಜಗಳ" ಅಂದ ಆತ.

ಆಕೆ ಅವನ ಕಡೆ ನೋಡಲಿಲ್ಲ. "ಸಣ್ಣದಲ್ಲ. ಹನ್ನೊಂದು ದಿನ ಆಯ್ತು, ನಾವು ಸರಿಯಾಗಿ ಮಾತಾಡಿಲ್ಲ" ಅಂದಳು.

ನಡೆದದ್ದು ಇಷ್ಟು. ಒಂದು ರಾತ್ರಿ ಅವನ ಅಮ್ಮ ಫೋನ್ ಮಾಡಿದ್ದರು. ಆಕೆ ಪಕ್ಕದಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. "ರಜೆಗೆ ಯಾವತ್ತು ಬರ್ತೀರಪ್ಪಾ?" ಎಂದು ಅವರು ಕೇಳಿದರು. "ಮೊದಲನೇ ದಿನಾನೇ ಬರ್ತೀವಮ್ಮ, ರಜೆ ಮುಗಿಯೋವರೆಗೂ ಇರ್ತೀವಿ" ಎಂದು ಇವನು ಖುಷಿಯಿಂದ ಹೇಳಿ ಫೋನ್ ಇಟ್ಟ. ಆಕೆ ಕೈಯಲ್ಲಿದ್ದ ಅವನ ಅಂಗಿಯನ್ನು ಹಾಗೇ ಬಿಟ್ಟು ಎದ್ದು ಹೋದಳು. ಅರ್ಧ ಮಡಚಿದ ಆ ಅಂಗಿ ಎರಡು ದಿನ ಅಲ್ಲೇ ಬಿದ್ದಿತ್ತಂತೆ. ಅವನೂ ಎತ್ತಿಡಲಿಲ್ಲ, ಅವಳೂ ಮುಟ್ಟಲಿಲ್ಲ.

"ಬರ್ತೀವಿ ಅಂದೆ ಮೇಡಂ. ಅವಳನ್ನೂ ಸೇರಿಸ್ಕೊಂಡೇ ಅಲ್ವಾ ಹೇಳಿದ್ದು? ಅದರಲ್ಲಿ ತಪ್ಪೇನಿದೆ?" ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ಹೆಂಡತಿಯನ್ನು ಸೇರಿಸಿಕೊಂಡು ಮಾತಾಡಿದ್ದು ಅವನ ಪಾಲಿಗೆ ಪ್ರೀತಿ. ತನ್ನನ್ನು ಕೇಳದೆ ಸೇರಿಸಿಕೊಂಡದ್ದು ಅವಳ ಪಾಲಿಗೆ ಅವಮಾನ.

ಬರ್ತೀನಿ, ಬರ್ತೀವಿ. ನಮ್ಮ ಮಾತಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಮದುವೆಗೆ ಮುಂಚೆ ಮೊದಲನೆಯದನ್ನು ಯಾರನ್ನೂ ಕೇಳದೆ ಹೇಳಬಹುದಿತ್ತು. ಎರಡನೆಯದನ್ನು ಹಾಗೆ ಹೇಳಲು ಆಗುವುದಿಲ್ಲ ಅನ್ನುವುದು ಇವನಿಗೆ ಹೊಳೆದಿರಲಿಲ್ಲ. ಅವಳಿಗಾದರೂ ಹೊಳೆದಿತ್ತಾ? ಸ್ವಲ್ಪ ಕೇಳಿದ ಮೇಲೆ ಗೊತ್ತಾಯಿತು. ಅದಕ್ಕೂ ಎರಡು ವಾರ ಮೊದಲೇ ಆಕೆ ತನ್ನ ಅಕ್ಕ ತಂಗಿಯರ ವಾಟ್ಸಾಪ್ ಗುಂಪಿನಲ್ಲಿ "ಈ ಸಲ ಇಬ್ಬರೂ ಬರ್ತೀವಿ" ಎಂದು ಬರೆದಿದ್ದಳು. ಅದನ್ನು ಹೇಳುವಾಗ ಆಕೆಯ ದನಿ ಇಳಿಯಿತು.

ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆಯನ್ನು ಅವತ್ತು ನಾನು ಎತ್ತಲೇ ಇಲ್ಲ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. "ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಹಬ್ಬದ ಹಿಂದಿನ ಸಂಜೆ ಹೇಗಿರ್ತಿತ್ತು? ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಬರೀರಿ" ಎಂದೆ.

ಆಕೆ ಹಾಳೆಯ ಎರಡೂ ಕಡೆ ತುಂಬಿಸಿದಳು. ಮನೆ ತುಂಬ ನೆಂಟರು, ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ಮಕ್ಕಳು, ಹೊದಿಕೆಗೆ ಎಳೆದಾಟ, ದೀಪ ಆರಿಸಿದ ಮೇಲೂ ನಿಲ್ಲದ ಪಿಸುಮಾತು. ಆತ ಬರೆದದ್ದು ಮೂರೇ ಸಾಲು. ಅಪ್ಪ ದೂರದಲ್ಲಿ ಕೆಲಸಕ್ಕಿದ್ದರು. ಹಬ್ಬಕ್ಕೆ ಮಾತ್ರ ಬರುತ್ತಿದ್ದರು. ಕೊನೆಯ ಸಾಲು, "ನಾನು ಮತ್ತು ಅಮ್ಮ ಗೇಟಿನ ಸದ್ದಿಗೆ ಕಾಯ್ತಾ ಇದ್ವಿ."

ಅವನ ಹಾಳೆಯನ್ನು ಅವಳಿಗೆ ಕೊಟ್ಟೆ. ಓದಿದಳು. ಇನ್ನೊಮ್ಮೆ ಓದಿದಳು. "ಇದನ್ನ ಯಾವತ್ತೂ ಹೇಳೇ ಇಲ್ವಲ್ಲ ನೀನು" ಅಂದಳು. "ಹೇಳೋದೇನಿದೆ ಅಂತ ಸುಮ್ನಿದ್ದೆ" ಅಂದ.

ಮರುಕ್ಷಣವೇ ಆಕೆ, "ಹಾಗಾದ್ರೆ ನಿಮ್ಮ ಮನೆಗೇ ಹೋಗೋಣ ಬಿಡು" ಎಂದಳು. ನಾನು ತಡೆದೆ. ಅವರಿಬ್ಬರಿಗೂ ಅದು ಆಶ್ಚರ್ಯವಾಯಿತು. ಮನಸ್ಸು ಕರಗಿದ ಹೊತ್ತಲ್ಲಿ ಬಿಟ್ಟುಕೊಟ್ಟದ್ದು ಮುಂದೊಂದು ದಿನ ಸಾಲದ ಲೆಕ್ಕಕ್ಕೆ ಬರುತ್ತದೆ. ಇದನ್ನು ನಾನು ತುಂಬ ಸಲ ನೋಡಿದ್ದೇನೆ. "ಒಂದು ವಾರ ಬಿಟ್ಟು ತೀರ್ಮಾನ ಮಾಡಿ. ಆಗಲೂ ಇದೇ ಅನ್ನಿಸಿದರೆ ಹೋಗಿ" ಎಂದೆ.

ಎರಡನೇ ಭೇಟಿಯಲ್ಲಿ ಅವರಿಗೆ ಒಂದು ಹಳೆಯ ಪಟ್ಟಿ ತೋರಿಸಿದೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು 1967ರಲ್ಲಿ ಪ್ರಕಟಿಸಿದ್ದು. ಬದುಕಿನ 43 ಘಟನೆಗಳಿಗೆ ಹೊಂದಿಕೊಳ್ಳಲು ಎಷ್ಟೆಷ್ಟು ಶ್ರಮ ಬೇಕು ಅನ್ನುವುದಕ್ಕೆ ಅದರಲ್ಲಿ ಅಂಕಗಳಿವೆ. ಅಳತೆಗೋಲಾಗಿ ಅವರು ಆರಿಸಿಕೊಂಡದ್ದು ಮದುವೆಯನ್ನೇ. ಅದಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ, ಉಳಿದದ್ದಕ್ಕೆಲ್ಲ ಅದರ ಜೊತೆ ಹೋಲಿಸಿ ಅಂಕ ಹಾಕಲು ಜನರಿಗೆ ಹೇಳಿದರು. ಮದುವೆಗೆ 50. ಗಂಡನ ಅಥವಾ ಹೆಂಡತಿಯ ಮನೆಯವರೊಂದಿಗೆ ತಕರಾರಿಗೆ 29. ಮನೆ ಬದಲಾವಣೆಗೆ 20. ಮನೆಮಂದಿ ಸೇರುವುದು ಜಾಸ್ತಿ ಕಮ್ಮಿ ಆದರೆ 15. ರಜೆಯ ಪ್ರವಾಸಕ್ಕೂ 13, ಕ್ರಿಸ್‌ಮಸ್ ಹಬ್ಬಕ್ಕೂ 12 ಅಂಕ ಇವೆ. ಹಳೆಯ ಪಟ್ಟಿ, ಅದರಿಂದ ಯಾರ ಭವಿಷ್ಯವನ್ನೂ ಹೇಳಲಾಗದು. ಆದರೆ ಸಂತೋಷದ ಸಂಗತಿಗೂ ಅಂಕ ಇರುವುದನ್ನು ನೋಡಿ ಆಕೆ ನಿಟ್ಟುಸಿರು ಬಿಟ್ಟಳು. "ಖುಷಿಯಾಗಿರಬೇಕಾದ ಟೈಮಲ್ಲಿ ಯಾಕೆ ಇಷ್ಟು ಸುಸ್ತು ಅಂತ ನನ್ನ ಮೇಲೇ ಬೇಜಾರಾಗಿತ್ತು" ಅಂದಳು. ಆ ಬೇಜಾರು ಇಳಿದರೆ ಜಗಳವೂ ಅರ್ಧ ಇಳಿಯುತ್ತದೆ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಆ ಅಕ್ಷರದ ಬಗ್ಗೆಯೇ. ಇಬ್ಬರೂ ಕೂತು ಮಾತಾಡುವವರೆಗೆ ಯಾರಿಗೂ "ಬರ್ತೀವಿ" ಎಂದು ಹೇಳಬೇಡಿ. ಹಾಗಾದರೆ ಅಮ್ಮ ಕೇಳಿದಾಗ ಏನು ಹೇಳಬೇಕು? "ಅವಳನ್ನ ಕೇಳಿ ಹೇಳ್ತೀನಿ" ಅಂತೂ ಬೇಡವೇ ಬೇಡ. ಆ ಮಾತು ಕೇಳಿದ ತಾಯಿಗೆ ಮಗನಿಗೂ ತನಗೂ ನಡುವೆ ಯಾರೋ ಬಂದು ನಿಂತ ಹಾಗೆ ಅನ್ನಿಸುತ್ತದೆ. ಹೆಂಡತಿ ಒಂದು ಮಾತೂ ಆಡದೆ ಕೆಟ್ಟವಳಾಗುತ್ತಾಳೆ. ಅದರ ಬದಲು, "ನಾವಿನ್ನೂ ಕೂತು ಮಾತಾಡಿಲ್ಲಮ್ಮ, ಭಾನುವಾರ ಹೇಳ್ತೀವಿ" ಅನ್ನಿ. ಹೇಳಿದ ಭಾನುವಾರ ತಪ್ಪದೆ ಫೋನ್ ಮಾಡಿ. ಅವನ ಅಮ್ಮನಿಗೆ ಅವನೇ ಹೇಳಲಿ, ಅವಳ ಅಮ್ಮನಿಗೆ ಅವಳೇ. ಆತ ಈ ವಾಕ್ಯವನ್ನು ನನ್ನ ಮುಂದೆಯೇ ನಾಲ್ಕು ಸಲ ಹೇಳಿ ನೋಡಿದ. ಮೊದಲ ಎರಡು ಸಲ ಕೊನೆಯಲ್ಲಿ "ಹೇಳ್ತೀನಿ" ಎಂದೇ ಬಂತು.

ಇನ್ನೊಂದು ವಿಷಯಕ್ಕೆ ತುಂಬ ಹೊತ್ತು ಹೋಯಿತು. ಅದು ಹೋಗಬೇಕಾದದ್ದೇ. ತನ್ನ ಮನೆಯ ಹೊಸ್ತಿಲು ದಾಟಿದ ಕೂಡಲೇ ಗಂಡ ಮತ್ತೆ ಮಗನಾಗಿಬಿಡುತ್ತಾನೆ. ಹಳೆಯ ಮಂಚ, ಹಳೆಯ ಗೆಳೆಯರು, ಏನೂ ಕೇಳದೆ ಎಲ್ಲ ಕೈಗೆ ಬರುವ ಸುಖ. ಹೆಂಡತಿಗೆ ಅಲ್ಲಿ ಇರುವ ಒಬ್ಬನೇ ಪರಿಚಯದವನು ಅವನು, ಅವನೇ ಕಾಣೆಯಾಗುತ್ತಾನೆ. ಅವಳ ಮನೆಯಲ್ಲಿ ಇದೇ ಕಥೆ ಉಲ್ಟಾ. ಹೊಸದಾಗಿ ಮದುವೆಯಾದವರು ಬೇಕೆಂದು ಹೀಗೆ ಮಾಡುವುದಿಲ್ಲ. ಹಳೆಯ ಮನೆ ಅವರನ್ನು ಹಾಗೆ ಎಳೆದುಕೊಳ್ಳುತ್ತದೆ. ಅದಕ್ಕೇ, ಯಾರ ಮನೆಯಲ್ಲಿದ್ದರೂ ದಿನಕ್ಕೆ ಅರ್ಧ ಗಂಟೆ ಇಬ್ಬರೇ ಹೊರಗೆ ನಡೆದು ಬರಬೇಕು ಎಂದು ಗೊತ್ತುಮಾಡಿದೆವು. ಸಾಕಾಗಿದೆ ಅನ್ನಿಸಿದಾಗ ಹೇಳಲು ಒಂದು ಗುಟ್ಟಿನ ಮಾತನ್ನೂ ಆರಿಸಿಕೊಂಡರು. ಅದು ಯಾವುದೆಂದು ನಾನೂ ಕೇಳಲಿಲ್ಲ.

ಉಡುಗೊರೆ ಮತ್ತು ಓಡಾಟದ ಖರ್ಚನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ ಎಂದೆ. ಅಷ್ಟು ಸಾಕು.

ಇವರ ಜಗಳಗಳು ರಾತ್ರಿ ಹನ್ನೊಂದರ ಮೇಲೆಯೇ ಏರುತ್ತಿದ್ದವು. ದಂಪತಿಗಳ ಮಾತುಕತೆಯನ್ನು ಪ್ರಯೋಗಾಲಯದಲ್ಲಿ ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಒಂದು ವಿಷಯ ಹೇಳುತ್ತಾರೆ. ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿತೆಂದರೆ ಎದುರಿನವರ ಮಾತು ತಲೆಗೆ ಇಳಿಯುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಹಾಗಾಗಿ ಎದ್ದು ಹೋಗುವುದು ತಪ್ಪಲ್ಲ, ಯಾವಾಗ ವಾಪಸ್ ಬರುತ್ತೇನೆ ಎಂದು ಹೇಳದೆ ಹೋಗುವುದು ತಪ್ಪು. ಆ ಅಂಗಿ ಎರಡು ದಿನ ಬಿದ್ದದ್ದು ಅದಕ್ಕೇ.

ಒಂದು ಎಚ್ಚರ ಮಾತ್ರ ಹೇಳಲೇಬೇಕು. ಇವೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಹೆದರದೆ ಮಾತಾಡಬಲ್ಲ ಮನೆಗೆ ಕೊಟ್ಟ ಸಲಹೆ. ಹೊಡೆತ ಇದ್ದರೆ, ಬೆದರಿಕೆ ಇದ್ದರೆ, ತವರಿನವರ ಜೊತೆ ಮಾತೇ ಆಡಬಾರದೆಂಬ ಕಟ್ಟಪ್ಪಣೆ ಇದ್ದರೆ, ರಜೆಯ ದಿನ ಹಂಚಿಕೊಳ್ಳುವ ಮಾತು ಆಮೇಲೆ. ಮೊದಲು ಒಬ್ಬರೇ ಬಂದು ಸಹಾಯ ಕೇಳಿ.

ಒಂದು ವಾರ ಕಳೆದ ಮೇಲೆ ಇವರು ತೀರ್ಮಾನಕ್ಕೆ ಬಂದರು. ಹಬ್ಬದ ದಿನವನ್ನು ಎರಡು ತುಂಡು ಮಾಡಲಾಗದು. ಈ ವರ್ಷ ಅವನ ಮನೆ, ಮುಂದಿನ ವರ್ಷ ಅವಳ ಮನೆ. ಈ ಸಲ ಹಬ್ಬ ಕಳೆದ ಮೇಲೆ ಮೂರು ದಿನ ಅವಳ ಮನೆಯಲ್ಲಿ, ಕೊನೆಯ ಎರಡು ದಿನ ತಮ್ಮದೇ ಮನೆಯಲ್ಲಿ. ಅವಳ ಅಮ್ಮ ಫೋನಿನಲ್ಲಿ ಅತ್ತರು. "ನಾನೇ ಅತ್ತೆಗೆ ಸಮಾಧಾನ ಹೇಳ್ಲಾ ಮೇಡಂ?" ಎಂದು ಆತ ಕೇಳಿದ. ಬೇಡ ಎಂದೆ. ಮಗಳೇ ಮಾತಾಡಲಿ, ಅಮ್ಮನಿಗೆ ಅಳಲು ಸ್ವಲ್ಪ ಜಾಗ ಸಿಗಲಿ. ಇಷ್ಟು ವರ್ಷ ಮಗಳು ಇದ್ದ ಹಬ್ಬ, ಈ ಸಲ ಮಗಳಿಲ್ಲ. ಆ ನೋವನ್ನು ಒಂದು ಮಾತಿನಿಂದ ಅಳಿಸಬೇಕಾಗಿಲ್ಲ.

ರಜೆ ಮುಗಿದ ಮೇಲೆ ಬಂದರು. ಎಲ್ಲ ಸುಸೂತ್ರವಾಗಿ ನಡೆದಿರಲಿಲ್ಲ. ಅವನ ಊರಿನಲ್ಲಿ ಮೂರನೇ ದಿನ ಗೆಳೆಯರ ಜೊತೆ ಹೋದವನು ಕತ್ತಲಾದ ಮೇಲೆ ಬಂದ. ಗುಟ್ಟಿನ ಮಾತು ಹೇಳಲು ಆಕೆಗೆ ಗಂಡನೇ ಸಿಗಲಿಲ್ಲ. ಮಹಡಿಯ ಮೇಲೆ ಪಿಸುದನಿಯಲ್ಲೇ ಜಗಳವಾಡಿದರಂತೆ. ಆದರೆ ಈ ಸಲ ಆಕೆ "ಅರ್ಧ ಗಂಟೆ ಬಿಟ್ಟು ಬರ್ತೀನಿ" ಎಂದು ಹೇಳಿ ಎದ್ದಳು, ಬಂದಳು ಕೂಡ. ಅವಳ ಮನೆಯಲ್ಲಿ ಅವನಿಗೆ ಆ ಗಲಾಟೆಯಲ್ಲಿ ನಿದ್ದೆ ಬರಲಿಲ್ಲ. "ಆದ್ರೆ ಮೇಡಂ, ಇವಳು ಇಷ್ಟು ಜೋರಾಗಿ ನಗ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ. ಆಕೆಯ ಬ್ಯಾಗು ಅವತ್ತು ನೆಲದ ಮೇಲಿತ್ತು.

ಸ್ಟೀವನ್ ವೋಲಿನ್ ಮತ್ತು ಲಿಂಡಾ ಬೆನೆಟ್ ಎಂಬ ಸಂಶೋಧಕರು 1984ರಲ್ಲಿ ಕುಟುಂಬದ ಆಚರಣೆಗಳನ್ನು ಮೂರಾಗಿ ವಿಂಗಡಿಸಿದ್ದರು. ಊರಿಗೆಲ್ಲ ಇರುವ ಹಬ್ಬಗಳು, ಆ ಮನೆಗೇ ಸೇರಿದ ವಿಶೇಷ ದಿನಗಳು, ದಿನವೂ ನಡೆಯುವ ಸಣ್ಣ ರೂಢಿಗಳು. ಮೊದಲಿನ ಎರಡು ಕೂಡಿಬರಲು ಹೊಸ ಜೋಡಿಗೆ ವರ್ಷಗಳೇ ಬೇಕು. ಮೂರನೆಯದನ್ನು ಇವತ್ತೇ ಶುರು ಮಾಡಬಹುದು. ಇದನ್ನು ವಿವರಿಸಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಆಕೆಯೇ ಹೇಳಿದಳು.

ರಜೆಯ ಕೊನೆಗೆ ತಮ್ಮ ಮನೆಗೆ ವಾಪಸಾದಾಗ ರಾತ್ರಿಯಾಗಿತ್ತು. ಆಕೆ ಬೀಗ ತೆಗೆದು ತಾನೊಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬ್ಯಾಗುಗಳನ್ನು ಹಿಡಿದ ಇವನು ಏನೂ ಅರ್ಥವಾಗದೆ ಹೊರಗೆ ನಿಂತ. ಬೆಲ್ ಒತ್ತಿದ. ಆಕೆ ಓಡಿಬಂದು ಬಾಗಿಲು ತೆಗೆದು, "ಬಂದ್ಯಾ?" ಅಂದಳು.

ಕೀಲಿ ಇಬ್ಬರ ಹತ್ತಿರವೂ ಇದೆ. ಆದರೂ ಈಗ ಕೆಲಸದಿಂದ ಮೊದಲು ಮನೆಗೆ ಬಂದವರು, ಇನ್ನೊಬ್ಬರ ಸದ್ದು ಕೇಳಿದ ಕೂಡಲೇ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ.